ಆ 'ಒಂಚೂರು ಏನೋ' ವಿಚಾರ

ಪುಟ್ಟಿ,

ನಿನ್ನ ಪತ್ರ ಬಂತು. ಇದನ್ನ ಅಪ್ಪನ ಹತ್ರ ಓದಿಸಿಕೋ, ಅವನಿಂದ ಮುಚ್ಚಿಡೋ ಮಾತು ಇದರಲ್ಲಿ ಏನೂ ಇಲ್ಲ. ನಮ್ಮ ಮನೆ ಹುಡುಗಿ ಮಾಂಸದ ದನ ಸಾಕಬಹುದಾ ಅನ್ನೋ ಜಗಳ ಎಲ್ಲ ಆಗಿ ಹೋಗಿದೆ. ಅದನ್ನು ಮತ್ತೆ ಎತ್ತಲ್ಲ.

ನನ್ನ ನಿದ್ದೆ ಕೆಡಿಸಿದ್ದು ಒಂದೇ ಸಾಲು. ದನಗಳನ್ನ ತೋರಿಸಿ ಬಹುಮಾನ ಕೊಡೋ ಫೇರ್ ದಿನ ನಿನ್ನ ದನ ಕರಿಯ ಗಲಾಟೆ ಮಾಡದೆ ನಿಲ್ಲಲಿ ಅಂತ, ಅವನ ಕೂದಲು ಕತ್ತರಿಸೋಕೆ ಬರುವ ಹುಡುಗ 'ಒಂಚೂರು ಏನೋ' ಕೊಡ್ತೀನಿ ಅಂದನಂತೆ. ಎಲ್ಲರೂ ಕೊಡ್ತಾರೆ ಅಂದನಂತೆ. ಮೇವಿನ ಲೆಕ್ಕದ ನಡುವೆ ಸುಮ್ನೆ ಹೇಳಿದ ಹಾಗೆ ಬರೆದಿದ್ದೀಯ. ಆದರೂ ಬರೆದೆಯಲ್ಲ, ನಿನಗೂ ಒಳಗೆ ಕಸಿವಿಸಿ ಆಗಿದೆ ಅಲ್ವಾ?

ಏನದು? ಏಸ್‌ಪ್ರೊಮಜೀನ್ ಇರಬಹುದು ಅಂತ ನನ್ನ ಅನುಮಾನ. ನಾಯಿಗೆ, ಕುದುರೆಗೆ ಮಂಪರು ಬರಿಸಿ ಸುಮ್ಮನಿರಿಸೋಕೆ ಕೊಡುವ ಮದ್ದು. ಅಮೆರಿಕದಲ್ಲಿ ದನಕ್ಕೆ ಅದು ಮಂಜೂರಾಗಿಲ್ಲ. ಕರಿಯ ಪ್ರದರ್ಶನದ ರಿಂಗಿನಿಂದ ವಾಪಸ್ ಕೊಟ್ಟಿಗೆಗೆ ಬರೋನಲ್ಲ, ಹರಾಜಾಗಿ ಕಸಾಯಿಖಾನೆಗೆ ಹೋಗೋನು. ಅವನ ಮೈಯಲ್ಲಿ ಇರೋದು ಯಾರದೋ ಮನೆ ತಟ್ಟೆಗೆ ಹೋಗುತ್ತೆ.

ನಿಮ್ಮ ಓಹಾಯೋದಲ್ಲೇ 1994ರ ಸ್ಟೇಟ್ ಫೇರ್‌ನಲ್ಲಿ ಏನಾಯ್ತು ಅಂತ ಅಪ್ಪನನ್ನ ಕೇಳು. ಬಹುಮಾನ ಗೆದ್ದ ದನಗಳನ್ನ ಕಡಿದ ಮೇಲೆ ಮೋಸ ಬಯಲಾಯ್ತು. ಮೈ ದುಂಡಗೆ ಕಾಣಲಿ ಅಂತ ಚರ್ಮದ ಕೆಳಗೆ ಅಡುಗೆ ಎಣ್ಣೆ ಚುಚ್ಚಿದ್ದರು. ಕೆಲವಕ್ಕೆ ಕ್ಲೆನ್‌ಬ್ಯುಟರಾಲ್ ಹಾಕಿದ್ದರು. ಅದು ಕೊಬ್ಬು ಕರಗಿಸಿ ಮಾಂಸ ಬೆಳೆಸೋ ಮದ್ದು. 1990ರಲ್ಲಿ ಸ್ಪೇನ್‌ನಲ್ಲಿ ಅದೇ ಮದ್ದು ಉಳಿದಿದ್ದ ದನದ ಲಿವರ್ ತಿಂದು ನೂರಕ್ಕೂ ಜಾಸ್ತಿ ಜನ ಕೈ ನಡುಗಿ, ಎದೆ ಬಡಿದುಕೊಂಡು ಕಾಯಿಲೆ ಬಿದ್ದಿದ್ದರು. ಅವರ್ಯಾರೂ ಫೇರ್ ನೋಡಿದವರಲ್ಲ. ಊಟಕ್ಕೆ ಕೂತಿದ್ದರು ಅಷ್ಟೇ.

ನಿನ್ನನ್ನ ಹೆದರಿಸೋಕೆ ಹೇಳ್ತಿಲ್ಲ ಮಗಳೇ. ನನಗೇ ಹೆದರಿಕೆ, ಅದಕ್ಕೆ ಹೇಳ್ತಿದ್ದೀನಿ.

ನಮ್ಮಪ್ಪ ಘಾಟಿ ಜಾತ್ರೆಗೆ ಹಳ್ಳಿಕಾರ್ ಜೋಡಿ ಹೊಡೆದುಕೊಂಡು ಹೋಗ್ತಿದ್ದ. ಕೊಳ್ಳೋನು ಬಾಯಿ ಬಿಡಿಸಿ ಹಲ್ಲು ಎಣಿಸೋನು, ಸುಳಿ ನೋಡೋನು, ನಡೆಸಿ ನೋಡೋನು. ಕೊಂಬು ಹೆರೆದು ಎಣ್ಣೆ ಸವರಿ ವಯಸ್ಸು ಮುಚ್ಚೋ ಜನ ಅಲ್ಲೂ ಇದ್ದರು. ಆದರೆ ಆ ಎತ್ತು ನೇಗಿಲಿಗೆ ಹೋಗ್ತಿತ್ತು. ನಾಲ್ಕು ಸಾಲು ಉಳುವಷ್ಟರಲ್ಲಿ ಬಣ್ಣ ಬಯಲಾಗೋದು. ಇಲ್ಲಿ ಹಾಗಲ್ಲ, ತಿನ್ನೋನಿಗೆ ಗೊತ್ತೇ ಆಗಲ್ಲ.

ಅಯೋವಾದಲ್ಲಿ ನಾನು ಫೇರ್‌ಗಳಿಗೆ ಡಾಕ್ಟರಾಗಿ ಹೋಗ್ತಿದ್ದಾಗ ಮದ್ದಿನ ಪರೀಕ್ಷೆಗೆ ಗೆದ್ದ ದನದ ಉಚ್ಚೆ ಹಿಡಿಯೋ ಕೆಲಸ ನನ್ನದೇ. ಹೊಟ್ಟೆ ಕೆಳಗಿನ ಕೂದಲು ಸವರ್ತಾ, ಉದ್ದ ಕೋಲಿನ ತುದಿಯ ಲೋಟ ಹಿಡಿದು ಕಾಯಬೇಕು. ಮಕ್ಕಳು ಹಗ್ಗ ಹಿಡಿದು ಪಕ್ಕದಲ್ಲೇ ನಿಂತಿರೋರು. ಒಂದು ಸಲ ಒಬ್ಬ ಹುಡುಗನ ದನದ ವರದಿ ಕೆಟ್ಟದ್ದಾಗಿ ಬಂತು. ಮದ್ದು ಕೊಟ್ಟಿದ್ದು ಮನೆಯ ದೊಡ್ಡವರು. ಮದ್ದಿನ ವಿವರ ಬರೆದುಕೊಡೋ ಫಾರಂ ಮೇಲೆ ಸಹಿ ಹುಡುಗನದು. ಅವನು ಅಳಲಿಲ್ಲ. 'ಅದಕ್ಕೆ ನೋವಾಗಿತ್ತಾ?' ಅಂತ ಕೇಳಿದ. ನಾನು ಏನೂ ಹೇಳದೆ ಕಾಗದ ಜೇಬಿಗಿಟ್ಟು ಹೊರಟುಬಿಟ್ಟೆ. ಹತ್ತು ನಿಮಿಷ ಅವನ ಜೊತೆ ಕೂರಬೇಕಿತ್ತು. ಈಗಲೂ ಅನ್ನಿಸುತ್ತೆ.

ನಿನ್ನ ಫಾರಂ ಮೇಲೂ ಇರೋದು ನಿನ್ನ ಸಹಿ ಪುಟ್ಟಿ. ಕೂದಲು ಕತ್ತರಿಸೋನದು ಅಲ್ಲ.

ನನ್ನ ವಿದ್ಯೆ ಹಳೆಯದು, ನಿನ್ನ ಫೋರ್-ಎಚ್ (ದನ ಸಾಕೋದು ಕಲಿಸೋ ಮಕ್ಕಳ ಕ್ಲಬ್) ಲೀಡರ್‌ಗೆ ನನಗಿಂತ ಜಾಸ್ತಿ ಗೊತ್ತಿರುತ್ತೆ. ಆದರೂ ಹೇಳ್ತೀನಿ. ಕರಿಯನಿಗೆ ಏನೇ ಕೊಟ್ಟರೂ ನೋಟ್‌ಬುಕ್ಕಲ್ಲಿ ಬರಿ: ಮದ್ದು, ಎಷ್ಟು, ಯಾವ ದಿನ, ಯಾರು ಕೊಟ್ಟರು. ಕುಂಟಿದ ಅಂತ ಡಾಕ್ಟರು ಫ್ಲುನಿಕ್ಸಿನ್ ಅನ್ನೋ ನೋವಿನ ಮದ್ದು ನರಕ್ಕೆ ಕೊಟ್ಟರೂ, ಅದು ಮೈಯಿಂದ ಇಳಿಯಲಿ ಅಂತ ಕಡಿಯೋಕೆ ಮುಂಚೆ 4 ದಿನ ಬಿಡಬೇಕು. ಫೇರ್ ನಿಯಮ ಇನ್ನೂ ಬಿಗಿ ಇರಬಹುದು, ಓದಿಕೋ. ತೂಕ ಬರಲಿ ಅಂತ ಯಾರಾದರೂ ಕೊಳವೆ ಹಾಕಿ ನೀರು ತುಂಬಿಸೋಣ ಅಂದರೆ ಬೇಡ ಅನ್ನು. ಫೇರ್‌ನಲ್ಲಿ ಕರಿಯನನ್ನ ಒಂಟಿಯಾಗಿ ಬಿಟ್ಟು ಹೋಗಬೇಡ, ಅಪ್ಪನನ್ನಾದರೂ ಕೂರಿಸು.

ಗಲಾಟೆ ಮಾಡ್ತಾನೆ ಅಂದೆಯಲ್ಲ, ಕೊಟ್ಟಿಗೆಯಲ್ಲಿ ರೇಡಿಯೋ ಹಾಕಿಡು. ಜನರ ಸದ್ದು ರೂಢಿಯಾಗಲಿ. ಸಂಜೆ ಹೊತ್ತು ಹಗ್ಗ ಹಿಡಿದು ಹೊಸ ಜಾಗದಲ್ಲೆಲ್ಲ ನಡೆಸು. ನಿಂತಾಗ ಶೋ ಕೋಲಿನಿಂದ ಹೊಟ್ಟೆ ಕೆಳಗೆ ಮೆಲ್ಲಗೆ ಕೆರಿ. ಇಷ್ಟಾದ ಮೇಲೂ ಒದ್ದಾಡಿದರೆ ಒದ್ದಾಡಲಿ ಬಿಡು. ಕೊನೇ ಸ್ಥಾನ ಬಂದರೂ ಬರಲಿ. ಇದನ್ನು ಹೇಳೋದು ಸುಲಭ, ಬಿಸಿಲಲ್ಲಿ ಅವನನ್ನ ತೊಳೆದು ಒಣಗಿಸಿದವಳು ನೀನು, ಗೊತ್ತು.

ಆ ಹುಡುಗನನ್ನ ಬೈಯಬೇಡ. ಅವನಿಗೂ ಯಾರೋ ಹೀಗೇ ಕಲಿಸಿರ್ತಾರೆ. 'ನಮ್ಮ ದೊಡ್ಡಪ್ಪ ದನದ ಡಾಕ್ಟರು, ಬೇಡ ಅಂದಿದ್ದಾರೆ' ಅಂತ ನನ್ನ ಮೇಲೆ ಹಾಕಿಬಿಡು. ಆ ಬಾಟಲಿ ಏನಾದರೂ ಕೈಗೆ ಸಿಕ್ಕರೆ ಲೇಬಲ್ಲಿನ ಫೋಟೋ ತೆಗೆದು ಅಪ್ಪನ ಫೋನಿಂದ ಇವತ್ತೇ ಕಳಿಸು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ನಾನು ಎದ್ದಿರ್ತೀನಿ.

ನಿನ್ನ ದೊಡ್ಡಪ್ಪ