‘ಪತ್ತೆ’ಯಾದದ್ದು ಹುಟ್ಟಿದ್ದಲ್ಲ, ಸಾಯದೆಯೂ ಅಳಿಯಬಹುದು

ಮಾನ್ಯ ಸಂಪಾದಕರೇ,

ಪಶ್ಚಿಮ ಘಟ್ಟದಲ್ಲಿ ಹೊಸ ಕಪ್ಪೆಯನ್ನೋ ಏಡಿಯನ್ನೋ ವಿಜ್ಞಾನಿಗಳು ಗುರುತಿಸಿದಾಗಲೆಲ್ಲ ‘ಹೊಸ ಪ್ರಭೇದ ಪತ್ತೆ’ ಎಂಬ ಶೀರ್ಷಿಕೆ ಪತ್ರಿಕೆಗಳಲ್ಲಿ ಕಾಣುತ್ತದೆ. ಸುದ್ದಿಯೇನೋ ಸರಿ; ಆದರೆ ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಮಕ್ಕಳು ಅಂಥ ತುಣುಕನ್ನು ಕತ್ತರಿಸಿ ತಂದು, ‘ಇದು ಈ ವರ್ಷ ಹುಟ್ಟಿದ್ದಾ ಸರ್?’ ಎಂದು ಕೇಳುತ್ತಿದ್ದರು. ಉತ್ತರ ಕನ್ನಡದ ಹಳ್ಳಗಳ ಕುಂಬಾರ ಕಪ್ಪೆಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 2014ರಲ್ಲಿ. ಗಂಡು ಕಪ್ಪೆ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುವುದರಿಂದ ಆ ಹೆಸರಿನಲ್ಲಿಯೇ ನಮ್ಮ ‘ಕುಂಬಾರ’ ಸೇರಿಕೊಂಡಿದ್ದಾನೆ. ಹೆಸರಿಡುವುದಕ್ಕೆ ಮುಂಚೆಯೂ ಅದು ಅಲ್ಲಿ ಕೆಸರು ಮೆತ್ತುತ್ತಲೇ ಇತ್ತು.

ಪ್ರಭೇದ ನಿಜಕ್ಕೂ ಹುಟ್ಟುವುದು ಮತ್ತು ಅಳಿಯುವುದು ಹೇಗೆಂಬುದನ್ನು ಒಂದೇ ಕಡೆ ನೋಡಬಯಸುವವರು ಆಫ್ರಿಕದ ವಿಕ್ಟೋರಿಯಾ ಸರೋವರವನ್ನು ಗಮನಿಸಬೇಕು. ಸುಮಾರು 15 ಸಾವಿರ ವರ್ಷಗಳ ಹಿಂದೆ ಬಹುಮಟ್ಟಿಗೆ ಒಣಗಿಹೋಗಿದ್ದ ಈ ಸರೋವರ ಮತ್ತೆ ತುಂಬಿದ ಮೇಲೆ, ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನಿನ ಕುಟುಂಬಕ್ಕೇ ಸೇರಿದ ಸಿಕ್ಲಿಡ್ ಮೀನುಗಳು ಅಲ್ಲಿ ಐನೂರಕ್ಕೂ ಹೆಚ್ಚು ಪ್ರಭೇದಗಳಾಗಿ ಕವಲೊಡೆದವು. ಭೂಮಿಯ ಲೆಕ್ಕದಲ್ಲಿ ಇದು ನಿನ್ನೆ ಮೊನ್ನೆಯ ಮಾತು.

ಬೆಟ್ಟವೋ ಸಮುದ್ರವೋ ಅಡ್ಡ ಬಂದು ಒಂದು ಸಮುದಾಯ ಎರಡಾಗಿ ಬೇರ್ಪಡುವ ಬಗೆಯನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಇಲ್ಲಿ ಅಂಥ ಗೋಡೆಯಿಲ್ಲ. ಮೇಲಿನ ನೀರಿನಲ್ಲಿರುವ ಒಂದು ಪ್ರಭೇದದ ಗಂಡು ನೀಲಿ, ತುಸು ಆಳದಲ್ಲಿರುವ ಇನ್ನೊಂದರ ಗಂಡು ಕೆಂಪು. ಆಳಕ್ಕೆ ಹೋದಂತೆ ನೀಲಿ ಬೆಳಕು ಕುಂದಿ ಕೆಂಪೇ ಹೆಚ್ಚು ಉಳಿಯುವುದರಿಂದ ಅಲ್ಲಿನ ಮೀನುಗಳ ಕಣ್ಣೂ ಕೆಂಪಿಗೇ ಹೊಂದಿಕೊಂಡಿದೆ. ಎರಡೂ ಕೂಡಿದರೆ ಫಲವತ್ತಾದ ಮರಿಗಳೇ ಹುಟ್ಟುತ್ತವೆ, ಆದರೆ ಹೆಣ್ಣು ತನ್ನವನ ಬಣ್ಣವನ್ನೇ ಆರಿಸುವುದರಿಂದ ಅವು ಕೂಡುವುದು ವಿರಳ. ಈ ಮೀನುಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ಓಲೆ ಸೀಹೌಸೆನ್ ಮತ್ತು ಸಂಗಡಿಗರು ತೊಟ್ಟಿಯಲ್ಲಿ ಬಿಳಿ ಬೆಳಕು ಬಿಟ್ಟಾಗ ಹೆಣ್ಣುಗಳು ಸರಿಯಾಗಿಯೇ ಆರಿಸಿಕೊಂಡವು; ಬಣ್ಣ ತಿಳಿಯದಂತೆ ಒಂದೇ ವರ್ಣದ ಬೆಳಕು ಬಿಟ್ಟಾಗ ಆ ಆಯ್ಕೆ ಕಾಣೆಯಾಯಿತು. ಎರಡು ಪ್ರಭೇದಗಳ ನಡುವಿನ ಬೇಲಿ ಎಂದರೆ ಹೆಣ್ಣು ಮೀನಿನ ಕಣ್ಣು, ಅಷ್ಟೇ.

ಅಳಿವಿನ ಕಥೆಯಲ್ಲಿ ಸಾಮಾನ್ಯವಾಗಿ ಹೇಳಲಾಗುವುದು, ಮೀನುಗಾರಿಕೆ ವೃದ್ಧಿಸಲೆಂದು 1950ರ ದಶಕದಲ್ಲಿ ಸರೋವರಕ್ಕೆ ಬಿಟ್ಟ ನೈಲ್ ಪರ್ಚ್ ಎಂಬ ದೈತ್ಯ ಮೀನಿನ ಸಂಗತಿ. 1980ರ ದಶಕದಲ್ಲಿ ಅದರ ಸಂಖ್ಯೆ ಏರಿದಂತೆ ಸಿಕ್ಲಿಡ್‌ಗಳು ಒಂದೇ ಸಮನೆ ಕಾಣೆಯಾದವು. ನಿಜವೇ. ಆದರೆ ಅಪರಾಧಿ ಕಣ್ಣಿಗೆ ಕಾಣುವಂತಿದ್ದಾಗ ನಾವು ಇನ್ನೊಬ್ಬನನ್ನು ಹುಡುಕುವುದಿಲ್ಲ. ದಂಡೆಯ ಕಾಡು ಕಡಿದದ್ದರಿಂದ, ಹೊಲಗಳ ಸಾರ ಮತ್ತು ಊರುಗಳ ಕೊಳಚೆ ಸೇರಿದ್ದರಿಂದ ಪಾಚಿ ಬೆಳೆದು ನೀರು ಕದಡಿತು. ಕದಡಿದ ಕಡೆಗಳಲ್ಲಿ ಕೆಂಪು–ನೀಲಿ ಮೀನುಗಳು ಮತ್ತೆ ಬೆರೆತವು. ಅಲ್ಲಿ ಯಾವ ಮೀನೂ ಹಸಿದು ಸಾಯಬೇಕಾಗಿರಲಿಲ್ಲ, ಯಾರೂ ತಿನ್ನಬೇಕಾಗಿರಲಿಲ್ಲ. ಮರಿಗಳೂ ಬೇಕಾದಷ್ಟು ಹುಟ್ಟಿದವು. ಎರಡಿದ್ದದ್ದು ಮಂಕು ಬಣ್ಣದ ಒಂದಾಯಿತು.

ನಮ್ಮಲ್ಲಿ ‘ಅಳಿವು’ ಎಂದಾಕ್ಷಣ ಬೇಟೆಗಾರನ ಕೋವಿಯೇ ನೆನಪಾಗುತ್ತದೆ. 1952ರಲ್ಲಿ ಭಾರತದಿಂದ ನಶಿಸಿತೆಂದು ಘೋಷಿತವಾದ ಚೀತಾ ಬೇರೆ ದೇಶಗಳಲ್ಲಿ ಉಳಿದಿತ್ತು ಎಂಬ ವ್ಯತ್ಯಾಸವನ್ನೂ ವರದಿಗಳು ಎಷ್ಟೋ ಸಲ ಹೇಳುವುದಿಲ್ಲ. ಆದ್ದರಿಂದ ನನ್ನ ಕೋರಿಕೆ ಇಷ್ಟೇ: ‘ಹೊಸ ಪ್ರಭೇದ ಪತ್ತೆ’ ಎಂದು ಬರೆಯುವಾಗ, ಹೊಸದಾಗಿರುವುದು ಹೆಸರು ಮಾತ್ರ ಎಂಬ ಒಂದು ಸಾಲನ್ನು ಸೇರಿಸಿ; ‘ಅಳಿವು’ ಎಂದು ಬರೆಯುವಾಗ ಅದು ಎಲ್ಲಿಂದ, ಯಾವ ಬಗೆಯಲ್ಲಿ ಎಂಬುದನ್ನೂ ತಿಳಿಸಿ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಶಿರಸಿ