ಸೆನ್ಸರ್ ಅಂಕಿ ತೋರಿಸಿದರೆ ಸಾಲದು, ಫೈಲ್‌ನಲ್ಲಿ ಉಳಿಯಲಿ

ಮಾನ್ಯ ಸಂಪಾದಕರೇ,

ನಮ್ಮ ಹಾವೇರಿ, ಹುಬ್ಬಳ್ಳಿ, ಗದಗ ಕಡೆಯ ಶಾಲೆ ಕಾಲೇಜುಗಳ ವಿಜ್ಞಾನ ವಸ್ತು ಪ್ರದರ್ಶನದ ಫೋಟೊಗಳು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತವೆ. ಈಗೀಗ ಆರ್ಡುಯಿನೊ ಬೋರ್ಡ್, ಅಂದರೆ ಸೆನ್ಸರ್ ಜೋಡಿಸಿ ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡ್, ಇಲ್ಲದ ಟೇಬಲ್ ಕಡಿಮೆ. ಮಣ್ಣಿನ ತೇವ ಅಳೆಯುವುದು, ಟ್ಯಾಂಕ್ ತುಂಬಿದರೆ ಹೇಳುವುದು, ಬಿಸಿಲು ಎಷ್ಟಿದೆ ಎಂದು ತೋರಿಸುವುದು, ಎಲ್ಲವನ್ನೂ ಮಕ್ಕಳೇ ಮಾಡುತ್ತಾರೆ. ನೋಡಿ ನಿಜವಾಗಿಯೂ ಖುಷಿಯಾಗುತ್ತದೆ. ಆದರೆ ಅಂಥ ಟೇಬಲ್ ಮುಂದೆ ನಿಂತಾಗಲೆಲ್ಲ ನಾನು ಒಂದು ಪ್ರಶ್ನೆ ಕೇಳುತ್ತೇನೆ: ನಿನ್ನೆ ರಾತ್ರಿ ಎಷ್ಟಿತ್ತು? ಬಹಳಷ್ಟು ಸಲ ಉತ್ತರ ಇರುವುದಿಲ್ಲ. "ಸರ್, ಈಗಿಂದು ಸ್ಕ್ರೀನ್ ಮ್ಯಾಲೆ ಬರಾಕತ್ತೈತಿ ನೋಡ್ರಿ" ಎನ್ನುತ್ತಾರೆ. ಲ್ಯಾಪ್‌ಟಾಪ್ ಮುಚ್ಚಿದರೆ ಅದೂ ಹೋಯಿತು.

ಅಳೆದದ್ದು ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಉಳಿಯಬೇಕು. ಪ್ರಾಜೆಕ್ಟ್‌ಗೆ ಮಾರ್ಕ್ಸ್ ಹಾಕುವವರು ಮೊದಲು ಆ ಫೈಲ್ ಕೇಳಬೇಕು. ನನ್ನ ಮನವಿ ಇಷ್ಟೇ.

ಇದು ಯಾಕೆ ಬೇಕು ಅಂದರೆ ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಕಾಯಿ ಕಣದಲ್ಲಿ ಹರಡಿರುತ್ತದೆ. ಹಗಲು ಚೆನ್ನಾಗಿ ಒಣಗುತ್ತದೆ, ರಾತ್ರಿ ಗಾಳಿಯ ತೇವ ಏರಿ ಇಬ್ಬನಿ ಬೀಳುತ್ತದೆ, ತೇವ ಉಳಿದರೆ ಬೂಸು ಹಿಡಿಯುತ್ತದೆ, ಬಣ್ಣವೂ ಕೆಡುತ್ತದೆ. ಅಂದರೆ ಅಳೆಯಲೇಬೇಕಾದ ಹೊತ್ತು ನಾವೆಲ್ಲ ಮಲಗಿರುವ ಹೊತ್ತು. ಆಗ ಸ್ಕ್ರೀನ್ ನೋಡುವವರು ಯಾರಿರುತ್ತಾರೆ? ಮಾರುಕಟ್ಟೆಯಲ್ಲಿ ಚೀಲ ತೂಗಿದ ಮೇಲೆ ಪುಸ್ತಕದಲ್ಲಿ ಬರೆಯದೆ ಯಾರಾದರೂ ಸುಮ್ನೆ ಬಿಡುತ್ತಾರಾ? ಸೆನ್ಸರ್ ಅಳತೆಯೂ ಹಾಗೆಯೇ ಅಲ್ವಾ.

ಕೆಲಸ ಕಷ್ಟದ್ದಲ್ಲ. ಬೋರ್ಡ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಸೇರಿದ್ದರೆ ಬೇರೆ ಸಾಮಾನೇ ಬೇಡ. ಬೋರ್ಡ್ ಕಳಿಸಿದ ಅಂಕಿಗಳನ್ನು ತೋರಿಸುವ ಆರ್ಡುಯಿನೊದ ಸೀರಿಯಲ್ ಮಾನಿಟರ್ ಕಿಟಕಿಯಲ್ಲಿ ಸೇವ್ ಮಾಡುವ ಬಟನ್ ಇಲ್ಲ, ಬಹಳ ಜನ ಅಲ್ಲಿಗೇ ನಿಲ್ಲುತ್ತಾರೆ. ಆದರೆ ಪುಟ್ಟಿ (PuTTY) ಎಂಬ ಉಚಿತ ಪ್ರೋಗ್ರಾಂನಲ್ಲಿ ಪೋರ್ಟ್ ನಂಬರ್ ಮತ್ತು ಬೋರ್ಡಿನ ಪ್ರೋಗ್ರಾಂನಲ್ಲಿ ಇಟ್ಟಿರುವ ವೇಗವನ್ನೇ (ಸಾಮಾನ್ಯವಾಗಿ 9600 ಬಾಡ್) ಕೊಟ್ಟು, ಲಾಗಿಂಗ್ ಆನ್ ಮಾಡಿ, ಫೈಲ್ ಹೆಸರು ಕೊಟ್ಟರೆ ಬೋರ್ಡ್ ಕಳಿಸಿದ ಪ್ರತಿ ಸಾಲೂ ಫೈಲ್‌ಗೆ ಹೋಗುತ್ತದೆ. ಅದಕ್ಕೂ ಮೊದಲು ಸೀರಿಯಲ್ ಮಾನಿಟರ್ ಮುಚ್ಚಬೇಕು, ಒಂದು ಪೋರ್ಟನ್ನು ಎರಡು ಪ್ರೋಗ್ರಾಂ ಒಟ್ಟಿಗೆ ತೆರೆಯಲು ವಿಂಡೋಸ್ ಬಿಡುವುದಿಲ್ಲ. ಪೋರ್ಟ್ ತೆರೆದ ಕೂಡಲೇ ಆರ್ಡುಯಿನೊದ ಉನೊ ಆರ್3 ಬೋರ್ಡ್ ರೀಸೆಟ್ ಆಗುತ್ತದೆ, ಬೋರ್ಡ್ ಕೆಟ್ಟಿತು ಎಂದು ಹುಡುಗರು ಹೆದರುವುದು ಬೇಡ. ಪೈಥಾನ್ ಪ್ರೋಗ್ರಾಮಿಂಗ್ ಕಲಿತವರಿಗೆ ಪೋರ್ಟ್ ಓದುವ ಪೈಸೀರಿಯಲ್ ಎಂಬ ಲೈಬ್ರರಿ (ಸಿದ್ಧ ಕೋಡ್) ಇದೆ. ಹತ್ತು ಸಾಲಿನ ಪ್ರೋಗ್ರಾಂ ಸಾಕು, ಪ್ರತಿ ಅಳತೆಯ ಮುಂದೆ ಕಂಪ್ಯೂಟರಿನ ದಿನಾಂಕ, ಸಮಯವನ್ನೂ ಸೇರಿಸಿಕೊಳ್ಳಬಹುದು. ಅಲ್ಲಿ ಒಂದು ಎಚ್ಚರ: ಫೈಲನ್ನು 'ಡಬ್ಲ್ಯು' ಮೋಡ್‌ನಲ್ಲಿ ತೆರೆದರೆ ಹಿಂದಿನದೆಲ್ಲ ಅಳಿಸಿಹೋಗುತ್ತದೆ, 'ಎ' ಮೋಡ್‌ನಲ್ಲಿ ತೆರೆದರೆ ಹೊಸದು ಕೊನೆಗೆ ಸೇರುತ್ತದೆ.

ಹೊಲ, ಕಣ ಅಂದರೆ ಅಲ್ಲಿ ಕಂಪ್ಯೂಟರ್ ಇರುವುದಿಲ್ಲ. ಉನೊ ಆರ್3 ಬೋರ್ಡಿನ ಒಳಗೇ ಇಡೋಣ ಅಂದರೆ ಕರೆಂಟ್ ಹೋದರೂ ಅಳಿಯದ ಅದರ ಈಪ್ರಾಮ್ ಮೆಮೊರಿ 1024 ಬೈಟ್, ಅಂದರೆ ಅಷ್ಟೇ ಅಕ್ಷರ, ಮಾತ್ರ. ದಿನಾಂಕ, ಸಮಯ, ಉಷ್ಣಾಂಶ, ತೇವ ಸೇರಿ ಒಂದು ಸಾಲಿಗೆ ಸುಮಾರು 30 ಅಕ್ಷರ ಹಿಡಿದರೂ ನಿಮಿಷಕ್ಕೊಂದು ಸಾಲಿನಂತೆ ಅರ್ಧ ಗಂಟೆ ದಾಟುವಷ್ಟರಲ್ಲಿ ತುಂಬಿಬಿಡುತ್ತದೆ. ಅದೇ ಅಳತೆಯನ್ನು ಎಸ್‌ಡಿ ಕಾರ್ಡ್‌ಗೆ ಬರೆದರೆ ವರ್ಷಪೂರ್ತಿ ಸೇರಿಸಿದರೂ 16 ಎಂಬಿ ಆಗುವುದಿಲ್ಲ. ಹಳೆ ಮೊಬೈಲ್‌ನಿಂದ ತೆಗೆದಿಟ್ಟ ಕಾರ್ಡ್ ಇದ್ದರೂ ನಡೆಯುತ್ತದೆ. ಕಾರ್ಡ್ ಓಡುವುದು 3.3 ವೋಲ್ಟ್‌ನಲ್ಲಿ, ಉನೊ ಕೊಡುವುದು 5 ವೋಲ್ಟ್, ಹಾಗಾಗಿ ವೋಲ್ಟೇಜ್ ಇಳಿಸುವ ವ್ಯವಸ್ಥೆ ಇರುವ, ಕಾರ್ಡ್ ಕೂರಿಸುವ ಮಾಡ್ಯೂಲನ್ನೇ ತೆಗೆದುಕೊಳ್ಳಬೇಕು. ಆರ್ಡುಯಿನೊ ಜೊತೆ ಬರುವ ಎಸ್‌ಡಿ ಲೈಬ್ರರಿಯಲ್ಲಿ ಫೈಲ್ ಹೆಸರು 8 ಅಕ್ಷರ ಮೀರಬಾರದು, ಚುಕ್ಕಿ ಆದ ಮೇಲೆ 3. ಉದ್ದ ಹೆಸರು ಕೊಟ್ಟು, ಫೈಲ್ ಯಾಕೆ ಬರುತ್ತಿಲ್ಲ ಎಂದು ದಿನವೆಲ್ಲ ವೈರ್ ಬದಲಿಸುತ್ತ ಕೂತ ಹುಡುಗರನ್ನು ನೋಡಿದ್ದೇನೆ, ಪಾಪ.

ನಮ್ಮ ಕಡೆ ಕರೆಂಟ್ ಹೋಗುವುದು ಹೊಸದೇನಲ್ಲ. ಬರೆದ ಸಾಲುಗಳು ಮೊದಲು ಬೋರ್ಡಿನ ಮೆಮೊರಿಯಲ್ಲಿ ಸೇರುತ್ತವೆ, ಆಮೇಲೆ ಕಾರ್ಡ್‌ಗೆ ಹೋಗುತ್ತವೆ. ನಡುವೆ ಕರೆಂಟ್ ಹೋದರೆ ಅಷ್ಟು ಸಾಲು ಕಳೆದಂತೆ. ಆದ್ದರಿಂದ ಪ್ರತಿ ಸಾಲು ಬರೆದ ಮೇಲೆ ಫೈಲನ್ನು ಫ್ಲಶ್ (ಕೂಡಲೇ ಕಾರ್ಡ್‌ಗೆ ಕಳಿಸುವ ಆದೇಶ) ಅಥವಾ ಕ್ಲೋಸ್ ಮಾಡಬೇಕು. ಇನ್ನೊಂದು, ಬೋರ್ಡಿಗೆ ಗಡಿಯಾರವಿಲ್ಲ. ಆನ್ ಆಗಿ ಎಷ್ಟು ಹೊತ್ತಾಯಿತು ಎಂದಷ್ಟೇ ಅದು ಎಣಿಸುತ್ತದೆ, ಕರೆಂಟ್ ಹೋಗಿ ಬಂದರೆ ಮತ್ತೆ ಸೊನ್ನೆಯಿಂದ ಶುರು. ಡಿಎಸ್3231 ಗಡಿಯಾರ ಮಾಡ್ಯೂಲ್ ಹಾಕಿದರೆ ಅದರ ಸಣ್ಣ ಬ್ಯಾಟರಿ ಸಮಯವನ್ನು ಕಾಯುತ್ತದೆ, ತಪ್ಪಿದರೂ ವರ್ಷಕ್ಕೆ ಒಂದು ನಿಮಿಷದ ಆಸುಪಾಸು. ಸಮಯವಿಲ್ಲದ ಅಳತೆಯಿಂದ ಇಬ್ಬನಿ ಯಾವಾಗ ಬಿತ್ತು ಎಂದು ಹೇಗೆ ತಿಳಿಯಬೇಕು?

ಅಂಕಿಗಳ ನಡುವೆ ಅಲ್ಪವಿರಾಮ ಹಾಕಿ ಬರೆದು, ಫೈಲ್ ಹೆಸರಿನ ಕೊನೆಗೆ .csv ಕೊಟ್ಟಿದ್ದರೆ ಆ ಫೈಲ್ ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯುತ್ತದೆ, ಗ್ರಾಫ್ ಆಗುತ್ತದೆ. ಸೆನ್ಸರ್‌ನ ಗುಣವೂ ಗೊತ್ತಾಗುತ್ತದೆ. ಮಕ್ಕಳು ಜಾಸ್ತಿ ಬಳಸುವ ಡಿಎಚ್‌ಟಿ11 ಎಂಬ ಸೆನ್ಸರ್ ಉಷ್ಣಾಂಶದಲ್ಲಿ 2 ಡಿಗ್ರಿ, ತೇವದಲ್ಲಿ ಶೇ 5ರಷ್ಟು ಆಚೀಚೆ ತೋರಿಸಬಹುದು. ಒಂದು ಅಂಕಿ ನೋಡಿದರೆ ಅದನ್ನೇ ನಿಜ ಅಂದುಕೊಳ್ಳುತ್ತೇವೆ. ಎರಡು ಸೆನ್ಸರ್ ಪಕ್ಕಪಕ್ಕ ಇಟ್ಟು ರಾತ್ರಿಯ ಫೈಲ್ ತೆರೆದರೆ ಎಷ್ಟು ನಂಬಬೇಕು ಎಂಬುದು ಮಕ್ಕಳಿಗೇ ಕಾಣುತ್ತದೆ. ನನ್ನ ಪ್ರಕಾರ ಪ್ರಾಜೆಕ್ಟ್‌ನಲ್ಲಿ ಕಲಿಯುವುದು ಇರುವುದೇ ಅಲ್ಲಿ, ಮಿನುಗುವ ಎಲ್‌ಇಡಿಯಲ್ಲಿ ಅಲ್ಲ.

ಕೇಂದ್ರ ಸರ್ಕಾರದ ಯೋಜನೆಯ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ 6ನೇ ತರಗತಿಯಿಂದಲೇ ಮಕ್ಕಳ ಕೈಗೆ ಈ ಬೋರ್ಡ್‌ಗಳು ಸಿಗುತ್ತಿವೆ. ಅಲ್ಲಿನ ಶಿಕ್ಷಕರು, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಕಾಲೇಜಿನ ಗೈಡ್‌ಗಳು ಪ್ರಾಜೆಕ್ಟ್ ಒಪ್ಪಿಕೊಳ್ಳುವ ಮುಂಚೆ ಕನಿಷ್ಠ ಒಂದು ವಾರದ ಫೈಲ್ ತನ್ನಿ ಎಂದು ಹೇಳಲಿ. ಪ್ರದರ್ಶನಕ್ಕೆ ಬರುವ ನಿಮ್ಮ ವರದಿಗಾರರೂ ಫೋಟೊ ತೆಗೆಯುವಾಗ ಆ ಫೈಲ್ ಕೇಳಲಿ, ಚೆನ್ನಾಗಿರುವ ಗ್ರಾಫ್ ಒಂದನ್ನು ಮಕ್ಕಳ ಫೋಟೊ ಪಕ್ಕದಲ್ಲೇ ಹಾಕಿ.

– ನಿವೃತ್ತ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ, ಹಾವೇರಿ