ತೆರಿಗೆ ಬೀಳಬೇಕಾದದ್ದು ಗ್ಯಾಸಿಗಲ್ಲ, ಸಕ್ಕರೆಗೆ

ಮಾನ್ಯರೇ,

ತಂಪು ಪಾನೀಯಗಳಿಗೆ ಶೇ 40ರಷ್ಟು ಜಿಎಸ್‌ಟಿ ಇರುವುದರಿಂದ ಸಕ್ಕರೆಗೆ ಕಡಿವಾಣ ಬಿದ್ದೇಬಿಟ್ಟಿದೆ ಎಂದು ಹಲವರು ನಂಬಿದ್ದಾರೆ. ದರಪಟ್ಟಿ ಬಿಡಿಸಿ ನೋಡಿದರೆ ಬೇರೆಯೇ ಕಾಣುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳ ಪ್ರಕಾರ, ಗ್ಯಾಸ್ ತುಂಬಿದ ಕೋಲಾದಲ್ಲಿ ಒಂದು ಗ್ರಾಂ ಸಕ್ಕರೆಯೂ ಇಲ್ಲದೆ ಬರೀ ಕೃತಕ ಸಿಹಿಯಿದ್ದರೂ ತೆರಿಗೆ ಶೇ 40. ಗ್ಯಾಸ್ ಇಲ್ಲದ ಮಾವಿನ ಪಾನೀಯದ ತೆರಿಗೆ ಮಾತ್ರ ಶೇ 12ರಿಂದ 5ಕ್ಕೆ ಇಳಿಯಿತು, ಸಕ್ಕರೆ ಎಷ್ಟೇ ಇರಲಿ. ಬಿಸ್ಕತ್ತು, ಚಾಕೊಲೇಟು, ಐಸ್‌ಕ್ರೀಮುಗಳೂ 18ರಿಂದ 5ಕ್ಕೆ ಬಂದವು.

ಹಣ್ಣಿನ ಪಾನೀಯ ಎನ್ನಿಸಿಕೊಳ್ಳಲು ಎಷ್ಟು ರಸ ಬೇಕು? ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಂತೆ ಕನಿಷ್ಠ ಶೇ 10. ನಿಂಬೆಯದಾದರೆ 5 ಸಾಕು. ಮಿಕ್ಕಿದ್ದು ನೀರು, ಸಕ್ಕರೆ, ಸಿಟ್ರಿಕ್ ಆಮ್ಲ, ಬಣ್ಣ, ಪರಿಮಳ. ಲೇಬಲ್ಲಿನಲ್ಲಿ 100 ಮಿ.ಲೀ.ಗೆ 12 ಗ್ರಾಂ ಸೇರಿಸಿದ ಸಕ್ಕರೆ ಎಂದಿದ್ದರೆ 600 ಮಿ.ಲೀ. ಬಾಟಲಿಯಲ್ಲಿ 72 ಗ್ರಾಂ ಆಯಿತು. ನಮ್ಮ ಲೇಬಲ್ ನಿಯಮ ಇಡೀ ದಿನಕ್ಕೆ ಹಿಡಿದಿರುವುದೇ 50 ಗ್ರಾಂ, ಅದೂ 2,000 ಕಿಲೊಕ್ಯಾಲರಿ ಉಣ್ಣುವವರಿಗೆ. ಆದರೆ ಶೇಕಡಾವಾರು ಲೆಕ್ಕ ಬರೆಯುವುದು ಒಂದು ಸರ್ವಿಂಗ್‌ಗೆ, ಅಂದರೆ ಒಂದು ಸಲಕ್ಕೆ ಕುಡಿಯುವಷ್ಟಕ್ಕೆ. ಸರ್ವಿಂಗ್ ಅಂದರೆ 200 ಮಿ.ಲೀ. ಎಂದುಬಿಟ್ಟರೆ 'ಶೇ 48' ಎಂದು ಮುದ್ರಿಸಿ ಕೈತೊಳೆದುಕೊಳ್ಳಬಹುದು. ಬಿಸಿಲಲ್ಲಿ ಆಡಿ ಬಂದ ಹುಡುಗ ಬಾಟಲಿಯ ಮೂರನೇ ಒಂದು ಭಾಗ ಕುಡಿದು ಮುಚ್ಚಳ ಹಾಕುತ್ತಾನೆಯೇ?

ಬ್ರಿಟನ್ 2016ರಲ್ಲಿ ಘೋಷಿಸಿ 2018ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ತೆರಿಗೆ ಸಕ್ಕರೆಯ ಪ್ರಮಾಣವನ್ನೇ ಹಿಡಿಯಿತು. ಜಾರಿಗೆ ಬಂದಾಗಿನ ದರದಲ್ಲಿ 100 ಮಿ.ಲೀ.ಗೆ 5 ಗ್ರಾಂ ಒಳಗಿದ್ದರೆ ತೆರಿಗೆಯಿರಲಿಲ್ಲ, 5ರಿಂದ 8ರೊಳಗೆ ಲೀಟರಿಗೆ 18 ಪೆನ್ಸ್, 8 ಮುಟ್ಟಿದರೆ 24. ನಡುವಿನ ಎರಡು ವರ್ಷಗಳಲ್ಲಿ ಹಲವು ಕಂಪನಿಗಳು ತಾವಾಗಿಯೇ ಪಾಕ ಬದಲಿಸಿ 5ರ ಕೆಳಗಿಳಿದವು. ಗ್ರಾಹಕ ಲೇಬಲ್ ಓದಬೇಕಾದ ಗೋಜೇ ಇರಲಿಲ್ಲ. ಶೇಕಡಾ ಲೆಕ್ಕದ ನಮ್ಮ ತೆರಿಗೆಯಲ್ಲಿ 11 ಗ್ರಾಂ ಇದ್ದದ್ದನ್ನು 4ಕ್ಕೆ ಇಳಿಸಿದ ಕಂಪನಿಗೆ ಒಂದು ಪೈಸೆಯ ಲಾಭವೂ ಇಲ್ಲ. ಮತ್ತೆ ಯಾಕೆ ಇಳಿಸುತ್ತಾರೆ?

ದಕ್ಷಿಣ ಆಫ್ರಿಕಾದ ಲೆಕ್ಕ ಇನ್ನೂ ಚೊಕ್ಕ. ಅದೂ 2018ರಲ್ಲೇ ಬಂತು. 100 ಮಿ.ಲೀ.ಗೆ 4 ಗ್ರಾಂ ಮೀರಿದರೆ, ಮೀರಿದ ಪ್ರತಿ ಗ್ರಾಂಗೆ ಆರಂಭದಲ್ಲಿ 2.1 ಸೆಂಟ್ ಇತ್ತು (ನೂರು ಸೆಂಟ್ ಸೇರಿದರೆ ಅಲ್ಲಿನ ಒಂದು ರ‍್ಯಾಂಡ್). ಆ ದರದಲ್ಲಿ 10 ಗ್ರಾಂ ಇರುವ ಪಾನೀಯದ ಒಂದು ಲೀಟರಿಗೆ 60 ಗ್ರಾಂ ಹೆಚ್ಚುವರಿ, ತೆರಿಗೆ 1.26 ರ‍್ಯಾಂಡ್. ಅದೂ ಕಬ್ಬು ಬೆಳೆಯುವ ದೇಶವೇ, ಅಲ್ಲಿಯ ಬೆಳೆಗಾರರೂ ಕೂಗೆಬ್ಬಿಸಿದರು. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ರೈತರ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಇಲ್ಲಿ ಕಬ್ಬಿಗೆ ಎಫ್‌ಆರ್‌ಪಿ (ಕೇಂದ್ರ ನಿಗದಿಪಡಿಸುವ ಕನಿಷ್ಠ ಬೆಲೆ) ಇದೆ, ಕಬ್ಬಿನ ಹಾಲು ಎಥೆನಾಲ್‌ಗೂ ಹೋಗುತ್ತದೆ. ಬ್ರಿಟನ್ನಿನಂತೆ ಎರಡು ವರ್ಷ ಮುಂಚಿತವಾಗಿ ತಿಳಿಸಿದರೆ ಕಾರ್ಖಾನೆಗಳಿಗೂ ಹೊಂದಿಕೊಳ್ಳಲು ಸಮಯ ಸಿಗುತ್ತದೆ.

ಕಾನೂನು ಬರೆಯುವಾಗ ಎಡವುವ ಜಾಗಗಳು ಕೆಲವಿವೆ. ದ್ರವದಲ್ಲಿ ಕರಗಿದ ಅಂಶವನ್ನು ಅಳೆಯುವ ಬ್ರಿಕ್ಸ್ ಮೀಟರ್ ಒಂದನ್ನೇ ನಂಬಿದರೆ ಕೆಲಸ ಕೆಡುತ್ತದೆ. ಆಮ್ಲ, ಲವಣ, ಹಣ್ಣಿನದೇ ಸಕ್ಕರೆ ಎಲ್ಲವನ್ನೂ ಅದು ಒಟ್ಟಿಗೇ ತೋರಿಸುತ್ತದೆ. ಒಂದೊಂದು ಸಕ್ಕರೆಯನ್ನೂ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಎಂಬ ಪ್ರಯೋಗಾಲಯ ಪರೀಕ್ಷೆಯೇ ಬೇಕು, ಅಲ್ಲೂ ಸುಕ್ರೋಸ್ (ನಾವು ಬಳಸುವ ಸಾಮಾನ್ಯ ಸಕ್ಕರೆ) ಮಾತ್ರ ಅಳೆದರೆ ಸಾಲದು. ಹುಳಿ ಪಾನೀಯ ಗೋದಾಮಿನಲ್ಲಿ ಕೂತಷ್ಟೂ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತಿರುತ್ತದೆ, ಸುಕ್ರೋಸಿನ ಅಂಕಿ ತಾನಾಗಿಯೇ ಇಳಿಯುತ್ತದೆ. ಮೂರನ್ನೂ ಕೂಡಿಸಿ, ರಸದ ಪಾಲನ್ನು ಉತ್ಪಾದನಾ ದಾಖಲೆಯೊಂದಿಗೆ ತಾಳೆ ನೋಡಿ ಕಳೆಯಬೇಕು. ಬೆಲ್ಲ, ಜೇನು, ಇನ್ವರ್ಟ್ ಸಿರಪ್ (ಸುಕ್ರೋಸ್ ಒಡೆದು ಮಾಡಿದ ಪಾಕ), ಗಟ್ಟಿ ಮಾಡಿದ ಹಣ್ಣಿನ ರಸ ಇವೆಲ್ಲ ಸೇರಿಸಿದ ಸಕ್ಕರೆಯ ಲೆಕ್ಕಕ್ಕೇ ಬರಲಿ. ಮಕ್ಕಳ ಪಾನೀಯದ ಪುಡಿಗಳಲ್ಲಿ ಕಾಣುವ, ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್ ರಕ್ತದಲ್ಲಿ ಗ್ಲೂಕೋಸನ್ನು ಬೇಗ ಏರಿಸಿದರೂ ಲೇಬಲ್ಲಿನ 'ಸಕ್ಕರೆ' ಸಾಲಿಗೆ ಸೇರುವುದಿಲ್ಲ. ಅದನ್ನು ಹೆಸರಿಸಿಯೇ ಬರೆಯಬೇಕು. ಸ್ಕ್ವಾಷ್, ಪುಡಿಗಳಿಗೆ ಕಲಸಿದ ಮೇಲಿನ ಪ್ರಮಾಣವನ್ನೇ ಅಳತೆಗೆ ಹಿಡಿಯಬೇಕು, ಇಲ್ಲವಾದರೆ ಕಂಪನಿಗಳು ನ್ಯಾಯಾಲಯಕ್ಕೆ ಹೋಗುವುದು ಖಂಡಿತ.

ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕಕ್ಕೂ ಮತವಿದೆ. ಗ್ಯಾಸ್ ಇರಲಿ ಬಿಡಲಿ, ಬಾಟಲಿ, ಟೆಟ್ರಾ ಪ್ಯಾಕಿನ ಪಾನೀಯಗಳಿಗೆಲ್ಲ ಗ್ರಾಂ ಲೆಕ್ಕದ ತೆರಿಗೆ ಹಾಕುವ ಪ್ರಸ್ತಾವವನ್ನು ರಾಜ್ಯ ಸರ್ಕಾರ ಮುಂದಿನ ಸಭೆಯಲ್ಲೇ ಮಂಡಿಸಲಿ.

– ಆಹಾರ ತಂತ್ರಜ್ಞರು, ಮೈಸೂರು